ಕಬಡ್ಡಿಯ ಹೊಸ ನಿಯಮಗಳು: ಉಸಿರೋ, ಗಡಿಯಾರವೋ?



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಸಂಜೆ ಹೊತ್ತು ಶಾಲೆಯ ಬಯಲಿಗೆ ಹೋದರೆ ಕಬಡ್ಡಿ ಆಡುವ ಹುಡುಗರು ನಿಮಗೆ ಕಾಣಸಿಗುತ್ತಾರೆ. ಅಂಕಣದ ಬದಿಗೆ ನಿಂತು ನೋಡುವವರಲ್ಲಿ ಈಗ ಎರಡು ಪಕ್ಷಗಳಾಗಿವೆ. ಟಿ.ವಿ.ಯಲ್ಲಿ ಬರುವ ಕಬಡ್ಡಿಯೇ ನಿಜವಾದ ಕಬಡ್ಡಿ ಎಂಬುದು ಹುಡುಗರ ವಾದ. ಅದು ಕಬಡ್ಡಿಯೇ ಅಲ್ಲ ಎಂಬುದು ಹಿರಿಯರ ವಾದ. ಟಿ.ವಿ.ಯ ಕೆಲಸದಲ್ಲೇ ಇರುವ ನಾನು ಈ ಜಗಳದಲ್ಲಿ ಪೂರ್ತಿ ನಿಷ್ಪಕ್ಷಪಾತಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

2014ರ ಜುಲೈಯಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾಯಿತು. ನಮ್ಮ ಬೆಂಗಳೂರು ಬುಲ್ಸ್ ಮೊದಲ ವರ್ಷದಿಂದಲೂ ಅದರಲ್ಲಿದೆ. ಈ ಲೀಗಿನ ಮೂಲಕ ಮನೆಮನೆಗೆ ತಲುಪಿದ ನಿಯಮಗಳು ನಿಮಗೆ ಬಾಯಿಪಾಠವಾಗಿರಬೇಕು. ಒಂದು ದಾಳಿಗೆ 30 ಸೆಕೆಂಡು. ಒಂದು ತಂಡದ ಸತತ ಎರಡು ದಾಳಿಗಳು ಬರಿಗೈಲಿ ಮುಗಿದರೆ ಮೂರನೆಯದು ಮಾಡು ಇಲ್ಲವೆ ಮಡಿ ದಾಳಿ. ಅಂಕ ತರದೆ ಮರಳಿದವನು ಔಟು. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಆಟಗಾರರು ಉಳಿದಿರುವಾಗ ದಾಳಿಗಾರನನ್ನು ಹಿಡಿದು ಕೆಡವಿದರೆ ಒಂದರ ಬದಲು ಎರಡು ಅಂಕ. ಇದು ಸೂಪರ್ ಟ್ಯಾಕಲ್.

ಇವುಗಳಲ್ಲಿ ಸೂಪರ್ ಟ್ಯಾಕಲ್ ಬಗ್ಗೆ ನನಗೆ ತಕರಾರಿಲ್ಲ. ಸೋಲುತ್ತಿರುವವನ ಕೈಗೆ ಅದೊಂದು ಆಯುಧ ಕೊಡುತ್ತದೆ. ಮಾಡು ಇಲ್ಲವೆ ಮಡಿ ದಾಳಿಯನ್ನೂ ಒಪ್ಪಬಹುದು. ಮುಂದಿರುವ ತಂಡ ಬಾಕ್ ಗೆರೆ ದಾಟಿ ಬಂದ ಶಾಸ್ತ್ರ ಮಾಡಿ ಹೊತ್ತು ಕಳೆಯುವ ಆಟವನ್ನು ಯಾರು ತಾನೇ ಎಷ್ಟು ಹೊತ್ತು ನೋಡಿಯಾರು? ವಿಚಾರ ಮಾಡಬೇಕಾದದ್ದು ಆ 30 ಸೆಕೆಂಡಿನ ಬಗ್ಗೆ.

ದೂರದ ಅಮೆರಿಕದಿಂದ ಒಂದು ಉದಾಹರಣೆ ಕೊಡುತ್ತೇನೆ. ಅಲ್ಲಿಯ ಬೇಸ್‌ಬಾಲ್ ಆಟಕ್ಕೆ ಗಡಿಯಾರದ ಹಂಗೇ ಇಲ್ಲ ಎಂಬುದು ಅಭಿಮಾನಿಗಳ ಹೆಮ್ಮೆಯಾಗಿತ್ತು. 2023ರಲ್ಲಿ ಮೇಜರ್ ಲೀಗ್‌ನವರು ಚೆಂಡೆಸೆಯುವವನ ಎದುರಿಗೇ ಗಡಿಯಾರ ಇಟ್ಟರು. ಬೇಸ್‌ಗಳು ಖಾಲಿಯಿದ್ದರೆ 15 ಸೆಕೆಂಡಿನಲ್ಲಿ, ಓಟಗಾರರಿದ್ದರೆ 20 ಸೆಕೆಂಡಿನಲ್ಲಿ ಅವನು ಆ ವರ್ಷ ಎಸೆತಕ್ಕೆ ತೊಡಗಬೇಕಿತ್ತು. ಹಿಂದಿನ ವರ್ಷ ಸರಾಸರಿ 3 ಗಂಟೆ 4 ನಿಮಿಷ ಹಿಡಿಯುತ್ತಿದ್ದ ಪಂದ್ಯ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ಆಟ ಕೆಟ್ಟಿತು ಎಂದು ಕೆಲವರು ಗೊಣಗಿದರು, ಬಹಳ ಜನ ಮೆಚ್ಚಿದರು. ನನಗೂ ಅದು ಸರಿಯೆನಿಸಿತು, ಏಕೆಂದರೆ ಕಡಿಮೆಯಾದದ್ದು ಬಹುಮಟ್ಟಿಗೆ ಸುಮ್ಮನೆ ನಿಂತಿರುವ ಹೊತ್ತು.

ಆದರೆ ಕಬಡ್ಡಿಯ ಸಂಗತಿ ಬೇರೆ. ಬೇಸ್‌ಬಾಲ್‌ಗೆ ಗಡಿಯಾರ ಇರಲಿಲ್ಲ, ತಂದು ಇಟ್ಟರು. ಕಬಡ್ಡಿಗೆ ಗಡಿಯಾರ ಮೊದಲೇ ಇತ್ತು, ದಾಳಿಗಾರನ ಎದೆಯೊಳಗೆ! ಒಂದೇ ಉಸಿರಿನಲ್ಲಿ “ಕಬಡ್ಡಿ ಕಬಡ್ಡಿ” ಎನ್ನುತ್ತ ಹೋಗಿ ಅದೇ ಉಸಿರಿನಲ್ಲಿ ಮರಳಬೇಕು. ಉಸಿರನ್ನು ಒಳಗೆಳೆದುಕೊಳ್ಳುತ್ತ ಸ್ಪಷ್ಟವಾಗಿ ಮಾತಾಡುವುದು ಕಷ್ಟ. ಮಾತು ಹೊರಡುವುದು ಹೊರಬಿಡುವ ಗಾಳಿಯಿಂದ. ಆದ್ದರಿಂದ ಆ ಪದ ಬರೀ ಘೋಷಣೆಯಲ್ಲ, ಅದೊಂದು ಅಳತೆಯ ಸಾಧನ. ಸದ್ದು ಕಡಿದರೆ ಉಸಿರು ಕಡಿಯಿತೆಂದೇ ಅರ್ಥ. ಒಂದು ಪೈಸೆ ಖರ್ಚಿಲ್ಲದೆ ಇಂಥ ಉಪಕರಣ ಕಂಡುಹಿಡಿದ ನಮ್ಮ ಪೂರ್ವಿಕರು ಭೌತಶಾಸ್ತ್ರದ ಪದವಿ ಪಡೆದವರಲ್ಲ.

ಓಡುತ್ತಿರುವಾಗ ಆ ಉಸಿರು ಬೇಗ ತೀರುವುದಕ್ಕೆ ಕಾರಣವಿದೆ. ಸ್ನಾಯುಗಳು ದುಡಿದಷ್ಟೂ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಉಸಿರೆಳೆದುಕೋ ಎಂದು ಮೆದುಳು ಒತ್ತಾಯಿಸುವುದು ಮುಖ್ಯವಾಗಿ ಈ ಏರಿಕೆಯಿಂದಲೇ ಹೊರತು ಆಮ್ಲಜನಕದ ಕೊರತೆಯಿಂದಲ್ಲ. ನಾಲ್ವರು ಮೈಮೇಲೆ ಬಿದ್ದಿದ್ದರೂ ಸದ್ದು ನಿಲ್ಲಿಸದೆ ತೆವಳಿ, ನಡುಗೆರೆಗೆ ಬೆರಳು ತಾಗಿಸಿದ ಹುಡುಗ ಗೆದ್ದದ್ದು ಎದುರಾಳಿಗಳನ್ನು ಮಾತ್ರವಲ್ಲ, ಆ ಒತ್ತಾಯವನ್ನೂ.

ಈಗಲೂ ದಾಳಿಗಾರ ಪದ ಹೇಳಲೇಬೇಕು, ನಿಯಮ ಅಳಿದಿಲ್ಲ. ಆದರೆ ದಾಳಿ ಎಷ್ಟು ಹೊತ್ತು ಎಂಬುದನ್ನು ತೀರ್ಮಾನಿಸುವುದು ಪರದೆಯ ಮೇಲೆ ಇಳಿಯುವ ಅಂಕಿ. ಇಲ್ಲಿ ನನ್ನ ವೃತ್ತಿಯ ತಪ್ಪೊಪ್ಪಿಗೆಯೂ ಇದೆ. ಕ್ಯಾಮೆರಾ ಗಡಿಯಾರವನ್ನು ತೋರಿಸಬಲ್ಲದು, ಉಸಿರನ್ನು ತೋರಿಸಲಾರದು. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯ ಮಣ್ಣಿನ ಅಂಕಣದಲ್ಲಿ ನಾವೊಮ್ಮೆ ಚಿತ್ರೀಕರಣ ಮಾಡಿದ್ದೆವು. ಆಮೇಲೆ ನೋಡಿದರೆ ಧೂಳು, ಜಿಗಿತ, ಚಪ್ಪಾಳೆ ಎಲ್ಲವೂ ಚೆನ್ನಾಗಿ ಬಂದಿತ್ತು. ಕಬಡ್ಡಿ ಎನ್ನುವ ಸದ್ದು ಮಾತ್ರ ಜನರ ಕೂಗಿನಲ್ಲಿ ಮುಳುಗಿಹೋಗಿತ್ತು. ಅಂದು ಪಕ್ಕದಲ್ಲಿದ್ದ ಹಳೆಯ ಆಟಗಾರರೊಬ್ಬರು, “ಸಾಹೇಬ್ರ, ನಮ್ಮ ಕಾಲದಾಗ ದಮ್ಮ ಕಡೀತಂದ್ರ ಔಟ್. ಈಗ ಟೈಮ್ ಮುಗೀತಂದ್ರ ಔಟ್,” ಎಂದರು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ದಮ್ಮು ಕಡಿಯಿತೋ ಇಲ್ಲವೋ ಎಂಬುದು ಅಂಪೈರ್ ಒಬ್ಬರ ಕಿವಿಗೆ ಬಿಟ್ಟದ್ದು. ಜಾತ್ರೆಯ ಪಂದ್ಯಗಳಲ್ಲಿ ಇದೇ ಕಾರಣಕ್ಕೆ ಎರಡು ಊರು ಮಾತು ಬಿಟ್ಟದ್ದೂ ಉಂಟು. ಗಡಿಯಾರದೊಡನೆ ಜಗಳವಾಡುವಂತಿಲ್ಲ. ಇನ್ನೊಂದು ಮಾತು: ನಿಯಮ ಬದಲಾಗುವುದು ಹೊಸತೇನಲ್ಲ. ಸಂಜೀವಿನಿ, ಗಾಮಿನಿ, ಅಮರ್ ಎಂಬ ಬೇರೆ ಬೇರೆ ಬಗೆಗಳು ಕಬಡ್ಡಿಯಲ್ಲಿದ್ದವು. ಸಂಜೀವಿನಿಯಲ್ಲಿ ಔಟಾದವನು ಎದುರಾಳಿ ಔಟಾದರೆ ಮತ್ತೆ ಜೀವ ಪಡೆಯುತ್ತಾನೆ. ಗಾಮಿನಿಯಲ್ಲಿ ತಂಡವೆಲ್ಲ ಔಟಾಗುವತನಕ ಹೊರಗೇ ಇರಬೇಕು. ಅಮರ್‌ನಲ್ಲಿ ಹೊರಗೆ ಹೋಗುವ ಮಾತೇ ಇಲ್ಲ. ಇಂದು ನೀವು ಆಡುವುದು ಸಂಜೀವಿನಿಯ ಸಂತಾನ.

ನನ್ನ ಚಿಂತೆ ಲೀಗಿನದಲ್ಲ. 2019ರ ಜನವರಿಯ ಫೈನಲ್‌ನಲ್ಲಿ ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಆ ವೇಗ ನೋಡಿದವನು ಗಡಿಯಾರದ ಕಬಡ್ಡಿ ಕಳಪೆಯೆಂದು ಹೇಳಲಾರ. ಚಿಂತೆ ಶಾಲೆಯ ಅಂಕಣದ ಬಗ್ಗೆ. ಕುಳ್ಳಗಿದ್ದು ತೋಳು ಗಿಡ್ಡವಿದ್ದರೂ ದಮ್ಮು ಗಟ್ಟಿಯಿದ್ದ ಹುಡುಗನಿಗೆ, ಹುಡುಗಿಗೆ, ಹಳೆಯ ಆಟದಲ್ಲಿ ಒಂದು ಜಾಗವಿತ್ತು. ಹಿಡಿಯುವವರು ತಾಳ್ಮೆಗೆಟ್ಟು ಮುಂದೆ ಬರುವತನಕ ಕಾಯುವ ಶಕ್ತಿ ಅವರದಾಗಿತ್ತು. ಎಲ್ಲರಿಗೂ ಒಂದೇ 30 ಸೆಕೆಂಡು ಎಂದಾಗ ಆ ಶಕ್ತಿಗೆ ಬೆಲೆ ಉಳಿಯುವುದಿಲ್ಲ. ಪಂದ್ಯಾವಳಿಗೆ ಗಡಿಯಾರ ಇರಲಿ. ಶಾಲೆಯ ಅಭ್ಯಾಸದಲ್ಲಿ ವಾರಕ್ಕೆ ಒಂದು ದಿನವಾದರೂ ಉಸಿರಿನ ಆಟ ಆಡಿಸಿ ಎಂದು ನಿಮ್ಮ ದೈಹಿಕ ಶಿಕ್ಷಕರನ್ನು ಕೇಳಿ ನೋಡಿ.

ಅದಕ್ಕೂ ಮುನ್ನ ಒಂದು ಪ್ರಯೋಗ ಮಾಡಿ. ಕೈಗಡಿಯಾರವನ್ನು ಗೆಳೆಯನ ಕೈಗೆ ಕೊಟ್ಟು, ನಿಂತಲ್ಲಿಯೇ ಒಂದೇ ಉಸಿರಿನಲ್ಲಿ “ಕಬಡ್ಡಿ” ಎನ್ನಿ. ಎಷ್ಟು ಸೆಕೆಂಡು ಎಂದು ಬರೆದಿಡಿ. ಸ್ವಲ್ಪ ಸುಧಾರಿಸಿಕೊಂಡು, ಅಂಕಣದಲ್ಲಿ ಅತ್ತಿಂದಿತ್ತ ಓಡುತ್ತ ಮತ್ತೊಮ್ಮೆ ಎನ್ನಿ. ಒಂದು ತಿಂಗಳು ಅಭ್ಯಾಸ ಮಾಡಿ ಎರಡನ್ನೂ ಪುನಃ ಅಳೆಯಿರಿ. ತಲೆ ಸುತ್ತಿದರೆ ಕೂಡಲೇ ನಿಲ್ಲಿಸಿ. ಆಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಮಾಡುವುದು ಬೇಡ.