ಹತ್ತು ಗಂಟೆಗೆ ಹೊರಡೋಣ ಅಂದಿದ್ದರು ಮಾಮಾ

ಇಲ್ಲಿ ಟ್ರೆಕ್ಕಿಂಗ್ ಹೋಗೋರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಪರವಾಗಿಲ್ಲ, ಅರ್ಧಕ್ಕರ್ಧ ಇದ್ದೀರಿ. ಅದರಲ್ಲಿ ಜೀನ್ಸ್ ಹಾಕ್ಕೊಂಡು ಹೋಗಿರೋರು? ನಾಚಿಕೆ ಬೇಡ, ನಾನೂ ಅದೇ ಪಾರ್ಟಿ. ಇವತ್ತಿನ ಮಾತೆಲ್ಲ ಒಂದು ಒದ್ದೆ ಜೀನ್ಸ್ ಬಗ್ಗೆನೇ.

ನಾನು ಎಂಟು ವರ್ಷದಿಂದ ಜೋಗೇಶ್ವರಿ ಪೂರ್ವದಲ್ಲಿದ್ದೇನೆ. ಎಂಟೆಕ್ ಮುಗಿಸಿ ಕೆಲಸಕ್ಕೆ ಅಂತ ಬಂದವನು ಇಲ್ಲೇ ಉಳಿದೆ. ನಾವು ನಾಲ್ಕು ಜನ ಕನ್ನಡದ ಹುಡುಗರು ಒಂದೇ ಫ್ಲಾಟಿನಲ್ಲಿದ್ವಿ: ಕುಂದಾಪುರದವನೊಬ್ಬ, ಬೀದರಿನವನೊಬ್ಬ, ದಾವಣಗೆರೆಯವನೊಬ್ಬ, ಮತ್ತೆ ನಾನು. ನಾಲ್ವರಿಗೂ ಒಂದೇ ಕನಸು, ಲಡಾಖಿನ ಚಾದರ್. ಅದೊಂದು ಶೀತ ಮರುಭೂಮಿ. ಜನವರಿ-ಫೆಬ್ರವರಿಯಲ್ಲಿ ಅಲ್ಲಿನ ಆಳ ಕಮರಿಯಲ್ಲಿ ಜಾಂಸ್ಕರ್ ನದಿ ಹೆಪ್ಪುಗಟ್ಟುತ್ತೆ, ಆ ಮಂಜುಗಡ್ಡೆಯ ಮೇಲೇ ನಡೆದು ಹೋಗೋದು. ಪ್ರತಿ ವರ್ಷ ಪ್ಲಾನ್ ಆಗ್ತಿತ್ತು, ಪ್ರತಿ ವರ್ಷ ಯಾರಿಗಾದರೂ ರಜೆ ಸಿಗ್ತಿರಲಿಲ್ಲ. ಮೂರು ವರ್ಷದ ಹಿಂದೆ, ಜನವರಿಯಲ್ಲಿ, ಬೀದರಿನವನು ರೇಗಿ ಹೇಳಿದ: "ಚಾದರ್ ಆಗಲಿಲ್ಲ ಅಂದ್ರೆ ಸಾಂಧಣ್‌ಗಾದರೂ ಹೋಗೋಣ, ಭಾನುವಾರ ಒಂದು ದಿನ ಸಾಕು."

ಸಾಂಧಣ್ ದರಿ ಇರೋದು ಭಂಡಾರದರಾ ಹತ್ತಿರದ ಸಾಮ್ರದ್ ಅನ್ನೋ ಹಳ್ಳಿಯ ಪಕ್ಕ. ಸುತ್ತ ರತನಗಡ, ಆಜೋಬಾ, ಸ್ವಲ್ಪ ದೂರದಲ್ಲಿ ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸುಬಾಯಿ, 1646 ಮೀಟರ್. ಬಯಲಲ್ಲಿ ನಡೀತಾ ಇರ್ತೀವಿ, ಇದ್ದಕ್ಕಿದ್ದಂತೆ ನೆಲ ಸೀಳಿಕೊಂಡ ಹಾಗೆ ಒಂದು ಬಿರುಕು ಕಾಣುತ್ತೆ. ಅದರೊಳಗೆ ಇಳೀಬೇಕು. ಎರಡೂ ಕಡೆ ಕಪ್ಪು ಬಸಾಲ್ಟ್ ಗೋಡೆ, ಕೆಲವು ಕಡೆ ಇಬ್ಬರು ಅಕ್ಕಪಕ್ಕ ನಿಲ್ಲೋಕೆ ಆಗದಷ್ಟು ಕಿರಿದು. ಸುಮಾರು ಎರಡು ಕಿಲೋಮೀಟರ್ ಹೀಗೇ ಹೋಗಿ ಸಹ್ಯಾದ್ರಿಯ ಅಂಚಿನಲ್ಲಿ ಕೊಂಕಣದ ಕಡೆಗೆ ಬಾಯಿ ತೆರೆಯುತ್ತೆ. ತಳಕ್ಕೆ ಬಿಸಿಲು ಬೀಳೋದು ನೆತ್ತಿ ಮೇಲೆ ಸೂರ್ಯ ಬಂದಾಗ, ಅದೂ ಸ್ವಲ್ಪ ಹೊತ್ತು. ಅದಕ್ಕೇ ಇದಕ್ಕೆ ನೆರಳಿನ ಕಣಿವೆ ಅನ್ನೋ ಹೆಸರು.

ನಮ್ಮ ಜೋಗೇಶ್ವರಿ ಗುಹೆ ನೋಡಿದವರಿಗೆ ಒಂದು ಅಂದಾಜು ಸಿಗಬಹುದು. ಆರನೇ ಶತಮಾನದ್ದು ಅದು. ಮೇಲೆ ಮನೆ, ಗಲಾಟೆ. ಮೆಟ್ಟಿಲು ಇಳೀತಾ ಹೋದ ಹಾಗೆ ತಣ್ಣಗಾಗುತ್ತೆ, ಗೋಡೆ ಜಿನುಗ್ತಾ ಇರುತ್ತೆ. ಅದೂ ಜ್ವಾಲಾಮುಖಿಯ ಕಲ್ಲೇ. ಗುಹೆಯನ್ನ ಮನುಷ್ಯರು ಉಳಿಯಲ್ಲಿ ಕೊರೆದರು, ಸಾಂಧಣ್‌ನ ನೀರು ಕೊರೆಯಿತು, ಇನ್ನೂ ಕೊರೀತಾ ಇದೆ.

ಶನಿವಾರ ರಾತ್ರಿ ಜೋಗೇಶ್ವರಿಯಿಂದ ದಾದರ್, ಅಲ್ಲಿ ಸೆಂಟ್ರಲ್ ಲೈನಿಗೆ ಬದಲಾಯಿಸಿ ಕಸಾರಾ ಲೋಕಲ್, ಆಮೇಲೆ ಜೀಪಿನಲ್ಲಿ ಇಗತಪುರಿ, ಘೋಟಿ ದಾಟಿ ಸಾಮ್ರದ್. ಬೆಳಗಿನ ಜಾವ ತಲುಪಿದಾಗ ಮಾತಾಡಿದರೆ ಬಾಯಿಂದ ಹೊಗೆ ಬರ್ತಿತ್ತು. ಮುಂಬೈಯಲ್ಲಿ 20 ಡಿಗ್ರಿಗೆ ಸ್ವೆಟರ್ ಹುಡುಕೋ ಜನ ನಾವು. ನಮಗೆ ದಾರಿ ತೋರಿಸೋಕೆ ಒಪ್ಪಿದವರು ಊರಿನ ಒಬ್ಬರು ಹಿರಿಯರು, ಎಲ್ಲರೂ ಅವರನ್ನ ಮಾಮಾ ಅಂತಿದ್ರು. ಅವರ ಮನೆ ಜಗಲಿಯಲ್ಲಿ ಚಹಾ ಕುಡೀತಾ ಕೂತಿದ್ದಾಗ ಮಾಮಾ ಹೇಳಿದ್ರು: ಒಳಗೆ ಎರಡು ಕಡೆ ನೀರಿದೆ, ಹತ್ತು ಗಂಟೆ ಆಗಲಿ, ಬಿಸಿಲು ಏರಲಿ, ಆಮೇಲೆ ಹೊರಡೋಣ.

ನಾನು ಬೇಡ ಅಂದೆ. ಸಂಜೆ ಟ್ರೇನ್ ಹಿಡೀಬೇಕು, ಸೋಮವಾರ ಬೆಳಗ್ಗೆ ನನಗೆ ರಿಲೀಸ್ ಇತ್ತು. ಮಾಮಾ ಎರಡನೇ ಸಲ ಹೇಳಲಿಲ್ಲ. ಹೆಗಲಿಗೆ ಕಂಬಳಿ ಹಾಕ್ಕೊಂಡು ಎದ್ದರು. ಏಳೂವರೆಗೆ ನಾವು ಬಿರುಕಿನೊಳಗಿದ್ವಿ.

ಮೊದಲನೇ ನೀರು ಮೊಣಕಾಲಿನವರೆಗೆ. ನಗ್ತಾ, ಕಿರುಚ್ತಾ ದಾಟಿದ್ವಿ. ಎರಡನೇದು ಸೊಂಟ ದಾಟಿ ಮೇಲೆ ಬಂತು. ಮಾಮಾ ಪಂಚೆ ಬಿಚ್ಚಿ, ಅಂಗಿ ಬಿಚ್ಚಿ, ಕಂಬಳಿ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ತಲೆ ಮೇಲೆ ಇಟ್ಕೊಂಡು ಇಳಿದರು. ನಮಗೂ ಹಾಗೇ ಮಾಡಿ ಅಂದ್ರು. ನಾವು ಸಂಕೋಚಕ್ಕೆ ಬಟ್ಟೆ ಹಾಕ್ಕೊಂಡೇ ಇಳಿದ್ವಿ. ಮೂವರದ್ದು ಟ್ರ್ಯಾಕ್ ಪ್ಯಾಂಟ್, ಕುಂದಾಪುರದವನದ್ದು ದಪ್ಪ ಜೀನ್ಸ್. ಅವನು ಮಧ್ಯದಲ್ಲಿ ಕಲ್ಲಿನ ಮೇಲೆ ಜಾರಿ ಕತ್ತಿನವರೆಗೆ ಮುಳುಗಿದ. ಎಲ್ಲರೂ ಜೋರಾಗಿ ನಕ್ಕೆವು. ನಾನು ವಿಡಿಯೋ ಕೂಡ ಮಾಡಿದ್ದೆ. ಆಮೇಲೆ ಡಿಲೀಟ್ ಮಾಡಿದೆ.

ಆಚೆ ದಡಕ್ಕೆ ಬಂದು ಹತ್ತು ನಿಮಿಷ ನಡೆದಿರಬಹುದು. "ಸಿಕ್ಕಾಪಟ್ಟೆ ಚಳಿ ಮಾರಾಯ" ಅಂದ. ನಡೀತಾ ಇರು, ಬಿಸಿ ಆಗ್ತೀಯ ಅಂದೆ. ಇನ್ನೂ ಸ್ವಲ್ಪ ಮುಂದೆ ಅದೇ ಮಾತು ಮತ್ತೆ ಅಂದ. ನಾನು ಅದೇ ಉತ್ತರ ಕೊಟ್ಟೆ. ಮೂರನೇ ಸಲ ಅವನು ಏನೂ ಹೇಳಲಿಲ್ಲ. ನನಗೆ ಸಮಾಧಾನ ಆಯ್ತು, ಸರಿ ಹೋದ ಅಂತ! ಬಂಡೆಗಳ ಮೇಲೆ ಎರಡು ಸಲ ಎಡವಿದ. ಕೂರಿಸಿ ಪಾರ್ಲೆ-ಜಿ ಪ್ಯಾಕೆಟ್ ಕೊಟ್ಟೆವು. ನಮ್ಮಿಂದ ಎರಡು ಸ್ಟೇಷನ್ ಆಚೆ ವಿಲೆ ಪಾರ್ಲೆಯಲ್ಲಿ ಹುಟ್ಟಿದ ಬಿಸ್ಕೆಟ್ ಅದು. ಆ ಫ್ಯಾಕ್ಟರಿ 2016ರಲ್ಲಿ ಮುಚ್ಚೋವರೆಗೂ ವಾಸನೆ ಟ್ರೇನಿನೊಳಗೇ ಬರ್ತಿತ್ತು. ಮಕ್ಕಳೂ ಬಿಡಿಸೋ ಪ್ಯಾಕೆಟ್, ಇವನಿಗೆ ಬಿಡಿಸೋಕೆ ಆಗ್ತಿಲ್ಲ. ಬೆರಳು ಕೂಡ್ತಾ ಇಲ್ಲ. ಏನಾಯ್ತೋ ಅಂದ್ರೆ ಕುಡಿದವರ ಹಾಗೆ ತೊದಲಿದ. ನಿದ್ದೆ ಬರ್ತಿದೆ ಅಂದ.

ಆಗ ಮುಂದೆ ಹೋಗಿದ್ದ ಮಾಮಾ ತಿರುಗಿ ಬಂದು ಅವನ ಮುಖ ನೋಡಿದ್ರು. "ಕಪಡೆ ಕಾಢಾ" ಅಂದ್ರು, ಬಟ್ಟೆ ತೆಗೀರಿ ಅಂತ. ದಾವಣಗೆರೆಯವನು ಬ್ಯಾಗಿನಿಂದ ರಮ್ಮಿನ ಕ್ವಾರ್ಟರ್ ತೆಗೆದ, ಒಂದು ಗುಟುಕು ಕೊಟ್ಟರೆ ಬಿಸಿ ಆಗುತ್ತೆ ಅಂತ. ಮಾಮಾ ಅದನ್ನ ಕಿತ್ಕೊಂಡು ಪಕ್ಕಕ್ಕಿಟ್ಟರು. ಸರಿಯಾಗೇ ಮಾಡಿದ್ರು. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುತ್ತೆ, ಬಿಸಿ ಅನ್ನಿಸುತ್ತೆ, ಆದರೆ ಒಳಗಿನ ಶಾಖ ಹೊರಗೆ ಹೋಗ್ತಾ ಇರುತ್ತೆ. ಒದ್ದೆ ಬಟ್ಟೆ ಪೂರ್ತಿ ತೆಗೆದು ಮಾಮಾರ ಒಣ ಕಂಬಳಿ ಸುತ್ತಿದ್ವಿ. ಬೀದರಿನವನು ಅಂಗಿ ಬಿಚ್ಚಿ ಕಂಬಳಿಯೊಳಗೆ ಅವನಿಗೆ ಅಂಟಿ ಕೂತ. ಫ್ಲಾಸ್ಕಿನಲ್ಲಿದ್ದ ಚಹಾಕ್ಕೆ ಮಾಮಾರ ಬೆಲ್ಲ ಹಾಕಿ ಗುಟುಕು ಗುಟುಕಾಗಿ ಕುಡಿಸಿದ್ವಿ.

ಈಗ ಪ್ರಶ್ನೆ, ಯಾವ ಕಡೆ ಹೋಗೋದು? ಹಿಂದೆ ಹೋದರೆ ಮತ್ತೆ ಅದೇ ನೀರು. ಮುಂದೆ ಹೋದರೆ ಗಂಟೆಗಟ್ಟಲೆ ಬಂಡೆ, ಆಮೇಲೆ ಹಗ್ಗ ಕಟ್ಟಿ ಇಳಿಯೋ ಪ್ರಪಾತ, ನಮ್ಮ ಹತ್ತಿರ ಹಗ್ಗ ಇಲ್ಲ. ಫೋನಿಗೆ ನೆಟ್‌ವರ್ಕ್ ಇಲ್ಲ. ಆಫೀಸಿನಲ್ಲಿ ರೋಲ್‌ಬ್ಯಾಕ್ ಪ್ಲಾನ್ ಬರೆಯದೆ ಬಂದ ರಿಲೀಸನ್ನ ನಾನು ವಾಪಸ್ ಕಳಿಸ್ತೀನಿ, ಜೂನಿಯರ್‌ಗಳಿಗೆ ಬೈದಿದ್ದೀನಿ. ಇಲ್ಲಿ ಹೋಗಬೇಕಾದ ದಾರಿಯಲ್ಲೇ ವಾಪಸ್ ಬರಬೇಕು, ಮಧ್ಯದಲ್ಲಿ ನೀರಿದೆ ಅಂತ ಗೊತ್ತಿದ್ದೂ ಒಂದು ಜೊತೆ ಒಣಬಟ್ಟೆ ತಂದಿರಲಿಲ್ಲ.

ಮಾಮಾ "ಬಸಾ" ಅಂದ್ರು. ಕೂತ್ವಿ. ಮೂರು ಗಂಟೆಗೂ ಜಾಸ್ತಿ. ಮೇಲೆ ಆಕಾಶ ಒಂದು ನೀಲಿ ಪಟ್ಟಿಯ ಹಾಗೆ ಕಾಣ್ತಿತ್ತು. ಬಿಸಿಲು ಗೋಡೆ ಮೇಲೆ ಎಷ್ಟು ನಿಧಾನ ಇಳಿಯುತ್ತೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಇವನು ಮೊದಲು ವಿಪರೀತ ನಡುಗಿದ, ಆಮೇಲೆ ಮಾತು ನೆಟ್ಟಗಾಯ್ತು, ಆಮೇಲೆ ನನಗೆ ಬೈದ. ಬೈದಾಗ ನನಗೆ ಅಳು ಬಂತು, ತಿರುಗಿ ಕೂತೆ. ಹನ್ನೆರಡರ ಸುಮಾರಿಗೆ ನಮ್ಮ ಕಾಲ ಹತ್ತಿರ ಬಿಸಿಲು ಬಿತ್ತು. ಎಲ್ಲ ಬಟ್ಟೆ ಹಾಸಿ ಒಣಗಿಸಿದ್ವಿ. ವಾಪಸ್ ನೀರು ದಾಟುವಾಗ ಯಾರಿಗೂ ಸಂಕೋಚ ಇರಲಿಲ್ಲ, ಬಟ್ಟೆಯೆಲ್ಲ ತಲೆ ಮೇಲೆ. ಕುಂದಾಪುರದವನನ್ನ ಮಾತ್ರ ಮಾಮಾ ಹೆಗಲ ಮೇಲೆ ಕೂರಿಸ್ಕೊಂಡು ದಾಟಿಸಿದ್ರು. ಅರವತ್ತು ದಾಟಿದ ಮನುಷ್ಯ.

ಮನೆಗೆ ಬಂದ ಮೇಲೆ ಓದಿದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖ ಎಳೆಯುತ್ತೆ. ಒಳಗಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಅದಕ್ಕೆ ಹಿಮ ಬೀಳಲೇಬೇಕು ಅಂತಿಲ್ಲ. ತೊದಲೋದು, ಎಡವೋದು, ಬೆರಳು ಕೂಡದೆ ಇರೋದು, ಇವೇ ಮೊದಲ ಲಕ್ಷಣ. ಇನ್ನೂ ಕೆಳಗಿಳಿದರೆ ನಡುಕವೇ ನಿಂತುಹೋಗುತ್ತೆ, ನೋಡೋರಿಗೆ ಸುಧಾರಿಸಿದ ಹಾಗೆ ಕಾಣುತ್ತೆ. ಅವನದ್ದು ಎಷ್ಟಕ್ಕೆ ಇಳಿದಿತ್ತೋ, ಅಳೆದವರಿಲ್ಲ.

ಸೋಮವಾರದ ರಿಲೀಸ್ ಏನಾಯ್ತು ಅಂತ ಕೇಳ್ತೀರಾ? ಮುಂದಕ್ಕೆ ಹೋಯ್ತು, ಕ್ಲೈಂಟ್ ಕಡೆಯವರೇ ರೆಡಿ ಇರಲಿಲ್ಲ.

ಮರುವರ್ಷ ಜನವರಿಯಲ್ಲಿ ನಾಲ್ವರೂ ಮತ್ತೆ ಸಾಮ್ರದ್‌ಗೆ ಹೋದ್ವಿ. ಮಾಮಾರಿಗೆ ಒಂದು ಹೊಸ ಕಂಬಳಿ ತಗೊಂಡು ಹೋಗಿದ್ವಿ, ಹಳೇದೇ ಬೆಚ್ಚಗಿರುತ್ತೆ ಅಂದ್ರು. ಹತ್ತೂಕಾಲಿಗೆ ಹೊರಟ್ವಿ. ಕುಂದಾಪುರದವನ ಚೀಲದಲ್ಲಿ ಎರಡು ಒಣ ಪ್ಯಾಂಟ್ ಇತ್ತು. ಎರಡು ಯಾಕೋ ಅಂದೆ. ಒಂದು ನಿನಗೆ ಅಂದ.