ಮೊದಲನೆಯ ಮಹಾಯುದ್ಧವೂ ನಮ್ಮ ಸೀಮೆಯೂ

(ಶಾಲೆಯ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಚರಿತ್ರೆಯ ಪುಸ್ತಕದಲ್ಲಿ ಮೊದಲನೆಯ ಮಹಾಯುದ್ಧದ ಪಾಠ ಬಂದಾಗ ವಿದ್ಯಾರ್ಥಿಗಳು ತೇದಿಗಳನ್ನು ಉರುಹೊಡೆಯುವರು. ಪರೀಕ್ಷೆ ಮುಗಿದೊಡನೆ ಮರೆತುಬಿಡುವರು. ಯೂರೋಪಿನ ದೊರೆಗಳು ತಮ್ಮತಮ್ಮೊಳಗೆ ಕಾದಾಡಿದರೆ ಆದವಾನಿಯ ಅರಳೆ ಪೇಟೆಗೆ, ಕೋಸಿಗಿಯ ಹೊಲದಲ್ಲಿ ದುಡಿಯುವವನಿಗೆ ಆದುದೇನು ಎಂದು ಕೇಳುವವರೂ ಉಂಟು. ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿಯೇ ನಾವು ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಯುದ್ಧಕ್ಕೆ ಕಿಡಿ ಬೇರೆ, ಸೌದೆ ಬೇರೆ. ಕಿಡಿ ಬಿದ್ದುದು ೧೯೧೪ನೆಯ ಜೂನ್ ೨೮ರಂದು. ಆಸ್ಟ್ರಿಯಾ ದೇಶದ ಯುವರಾಜ ಫ್ರಾನ್ಜ್ ಫರ್ಡಿನೆಂಡನನ್ನೂ ಅವನ ಪತ್ನಿಯನ್ನೂ ಸರಾಯೆವೊ ಪಟ್ಟಣದಲ್ಲಿ ಗವ್ರಿಲೊ ಪ್ರಿನ್ಸಿಪ್ ಎಂಬ ತರುಣನು ಗುಂಡಿಕ್ಕಿ ಕೊಂದನು. ಆದರೆ ಸೌದೆಯನ್ನು ನಲವತ್ತು ವರ್ಷಗಳಿಂದಲೇ ಒಟ್ಟಿಟ್ಟಿದ್ದರು. ೧೮೭೧ರಲ್ಲಿ ಜರ್ಮನಿಯು ಫ್ರಾನ್ಸನ್ನು ಸೋಲಿಸಿ ಅಲ್ಸೇಸ್ ಮತ್ತು ಲೊರೇನ್ ಎಂಬ ಗಡಿನಾಡುಗಳನ್ನು ಕಸಿದುಕೊಂಡಿತು. ಅಂದಿನಿಂದ ಫ್ರೆಂಚರ ಎದೆಯಲ್ಲಿ ಸೇಡಿನ ಹೊಗೆ ಆಡುತ್ತಲೇ ಇತ್ತು. ೧೮೮೨ರಲ್ಲಿ ಜರ್ಮನಿ, ಆಸ್ಟ್ರಿಯಾ, ಇಟಲಿಗಳು ಒಂದು ಕೂಟ ಕಟ್ಟಿದವು. ೧೯೦೭ರ ಹೊತ್ತಿಗೆ ಫ್ರಾನ್ಸ್, ರಷ್ಯಾ, ಇಂಗ್ಲೆಂಡುಗಳು ಇನ್ನೊಂದು ಪಕ್ಷವಾದವು. ವಸಾಹತುಗಳಿಗಾಗಿ ಪೈಪೋಟಿ, ಯುದ್ಧನೌಕೆಗಳನ್ನು ಕಟ್ಟುವುದರಲ್ಲಿ ಪೈಪೋಟಿ, ತಮ್ಮ ಜನಾಂಗವೇ ಶ್ರೇಷ್ಠವೆಂಬ ಮದ, ಇವೆಲ್ಲ ಕೂಡಿದ ಮೇಲೆ ಒಂದು ಕಿಡಿ ಸಾಲದೆ? ಜುಲೈ ೨೮ರಂದು ಆಸ್ಟ್ರಿಯಾ ಸರ್ಬಿಯಾದ ಮೇಲೆ ಯುದ್ಧ ಸಾರಿತು. ಆಗಸ್ಟ್ ೪ರೊಳಗೆ ಜರ್ಮನಿ, ರಷ್ಯಾ, ಫ್ರಾನ್ಸ್, ಇಂಗ್ಲೆಂಡುಗಳೆಲ್ಲ ಕಣಕ್ಕಿಳಿದಿದ್ದವು.

ಇಂಗ್ಲೆಂಡು ಯುದ್ಧಕ್ಕಿಳಿದೊಡನೆ ಭಾರತವೂ ಇಳಿದಂತಾಯಿತು. ನಮ್ಮವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಆಗ ಆದವಾನಿಯು ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಸೆಪ್ಟೆಂಬರ್ ೨೨ರ ರಾತ್ರಿ ಎಮ್ಡೆನ್ ಎಂಬ ಜರ್ಮನ್ ನೌಕೆಯು ಮದರಾಸಿನ ಕಡಲಿಗೆ ಬಂದು ಗುಂಡು ಹಾರಿಸಿ ಎಣ್ಣೆಯ ಕೊಠಿಗಳಿಗೆ ಬೆಂಕಿಯಿಟ್ಟಿತು. ಪಟ್ಟಣದ ಜನ ಗಾಬರಿಗೊಂಡು ಊರು ಬಿಟ್ಟು ಓಡತೊಡಗಿದರು. ನಮ್ಮ ನಿಲ್ದಾಣದ ರೈಲುಹಾದಿ ಹೋಗಿ ಮುಟ್ಟುವುದು ಆ ಮದರಾಸನ್ನೇ. ಯುದ್ಧವು ದೂರದ್ದೆಂಬ ಭ್ರಮೆ ಎರಡು ತಿಂಗಳೂ ಉಳಿಯಲಿಲ್ಲ.

ಇನ್ನು ಯುದ್ಧದ ತಿರುವುಗಳು. ಜರ್ಮನಿಯು ಆರು ವಾರಗಳಲ್ಲಿ ಫ್ರಾನ್ಸನ್ನು ಮುರಿದು, ಬಳಿಕ ರಷ್ಯಾದ ಕಡೆ ತಿರುಗಬೇಕೆಂದು ಎಣಿಸಿತ್ತು. ೧೯೧೪ರ ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿ ಆ ಎಣಿಕೆ ತಪ್ಪಿತು. ಅಂದಿನಿಂದ ಎರಡು ಪಕ್ಷದವರೂ ನೆಲದಲ್ಲಿ ಕಂದಕ ತೋಡಿ ಕುಳಿತರು. ೧೯೧೫ರಲ್ಲಿ ವಿಷವಾಯುವಿನ ಪ್ರಯೋಗವಾಯಿತು. ೧೯೧೬ರಲ್ಲಿ ವೆರ್ಡನ್ ಮತ್ತು ಸೊಮ್ ಎಂಬಲ್ಲಿ ತಿಂಗಳುಗಟ್ಟಲೆ ಕಾದಾಡಿ ಲಕ್ಷಾಂತರ ಜನ ಸತ್ತರೂ ಗಡಿಯ ಗೆರೆ ಕೆಲವು ಮೈಲಿ ಮಾತ್ರ ಸರಿಯಿತು. ೧೯೧೭ನೆಯದು ನಿರ್ಣಾಯಕ ವರ್ಷ. ಜರ್ಮನಿಯ ಜಲಾಂತರ್ನೌಕೆಗಳು ಸಿಕ್ಕಸಿಕ್ಕ ಹಡಗುಗಳನ್ನೆಲ್ಲ ಮುಳುಗಿಸತೊಡಗಲು, ಏಪ್ರಿಲ್ ೬ರಂದು ಅಮೆರಿಕಾ ಯುದ್ಧ ಸಾರಿತು. ಇತ್ತ ರಷ್ಯಾದಲ್ಲಿ ಕ್ರಾಂತಿಯೆದ್ದು, ೧೯೧೮ರ ಮಾರ್ಚಿಯಲ್ಲಿ ಆ ದೇಶ ಸಂಧಿ ಮಾಡಿಕೊಂಡು ಹೊರಬಿದ್ದಿತು. ಒಂದು ತಕ್ಕಡಿಯಿಂದ ರಷ್ಯಾ ಇಳಿಯಿತು, ಅದೇ ತಕ್ಕಡಿಗೆ ಅಮೆರಿಕಾ ಏರಿತು. ಅಮೆರಿಕಾದ ಸೇನೆ ಪೂರ್ತಿ ಬಂದು ಸೇರುವ ಮುನ್ನವೇ ಗೆಲ್ಲಬೇಕೆಂದು ಜರ್ಮನಿ ತನ್ನ ಶಕ್ತಿಯನ್ನೆಲ್ಲ ಪಣವಿಟ್ಟಿತು. ಆ ವರ್ಷದ ಆಗಸ್ಟಿನ ವೇಳೆಗೆ ಪಣ ಸೋತಿತು.

ಈ ಮಹಾಸಮರದಲ್ಲಿ ಭಾರತದಿಂದ ಕಡಲು ದಾಟಿ ಹೋದವರು ಹತ್ತು ಲಕ್ಷಕ್ಕೂ ಮಿಗಿಲು. ಮರಳಿ ಬಾರದವರು ೭೦,೦೦೦ಕ್ಕೂ ಹೆಚ್ಚು. ಅವರಲ್ಲಿ ಕನ್ನಡ ನಾಡಿನವರೂ ಇದ್ದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ವೆಚ್ಚಕ್ಕೆ ೫೦ ಲಕ್ಷ ರೂಪಾಯಿ ಕೊಟ್ಟುದಲ್ಲದೆ ತಮ್ಮ ರಾವುತರ ದಳವನ್ನೂ ಕಳುಹಿದರು. ತುಂಗಭದ್ರೆಯ ಆಚೆಯ ದಡವನ್ನು ಆಳುತ್ತಿದ್ದ ಹೈದರಾಬಾದು ಸಂಸ್ಥಾನದ ರಾವುತರೂ, ಜೋಧಪುರದ ರಾವುತರೂ ಅದೇ ಪಡೆಯಲ್ಲಿದ್ದರು. ೧೯೧೮ರ ಸೆಪ್ಟೆಂಬರ್ ೨೩ರಂದು ಪ್ಯಾಲೆಸ್ತೀನಿನ ಹೈಫಾ ಬಂದರನ್ನು ತುರ್ಕರಿಂದ ಗೆದ್ದವರು ಈ ಪಡೆಯ ಮೈಸೂರು, ಜೋಧಪುರಗಳ ರಾವುತರು. ಎದುರಿಗೆ ಫಿರಂಗಿ ಮತ್ತು ಯಂತ್ರಬಂದೂಕ. ಇವರ ಕೈಯಲ್ಲಿ ಭಲ್ಲೆ. ಮೈಸೂರಿನ ಒಂದು ತುಕಡಿಯು ಕಾರ್ಮೆಲ್ ಬೆಟ್ಟವನ್ನೇರಿ ಮೇಲಿನ ಫಿರಂಗಿಗಳ ಮೇಲೆರಗಿತು. ಜೋಧಪುರದ ಮೇಜರ್ ದಲ್ಪತ್ ಸಿಂಗರು ಅಂದು ಮಡಿದರು. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ವಿಗ್ರಹಗಳು ಈ ಮೂರು ಸಂಸ್ಥಾನಗಳ ಸೈನಿಕರ ನೆನಪಿಗೆ ನಿಲ್ಲಿಸಿದವು. ದಿಲ್ಲಿಗೆ ಹೋದಾಗ ನೀವು ಅವನ್ನು ನೋಡಬೇಕು. ಅವುಗಳಲ್ಲಿ ಒಂದು ಮೈಸೂರಿನದು ಎಂಬುದನ್ನು ಜೊತೆಯವರಿಗೆ ಹೇಳಬೇಕು.

ಸೆರೆಸಿಕ್ಕ ತುರ್ಕಿ ಸೈನಿಕರನ್ನು ಇಂಗ್ಲಿಷರು ಎಲ್ಲಿಗೆ ತಂದರೆಂದು ಬಲ್ಲಿರಾ? ಸುಮೇರಪುರಕ್ಕೆ, ಬರ್ಮಾದ ಶಿಬಿರಗಳಿಗೆ, ಮತ್ತು ನಮ್ಮ ಅಂದಿನ ಜಿಲ್ಲೆಯ ಕೇಂದ್ರವಾದ ಬಳ್ಳಾರಿಗೆ. ತಮ್ಮ ಊರು ಬಿಟ್ಟು ಸಾವಿರಾರು ಮೈಲಿ ದೂರದಲ್ಲಿ, ನಮ್ಮ ಬಿಸಿಲಿನಲ್ಲಿ ದಿನ ಎಣಿಸಿದ ಆ ಸೈನಿಕರಿಗೂ ಈ ಯುದ್ಧ ಬೇಕಾಗಿತ್ತೆ ಎಂದು ಯಾರೂ ಕೇಳಿರಲಿಲ್ಲ.

ರಣರಂಗಕ್ಕೆ ಹೋಗದವರೂ ಬೆಲೆ ತೆತ್ತರು. ಯುದ್ಧ ಮೊದಲಾದಾಗ ಹೊರದೇಶಕ್ಕೆ ಅರಳೆ ಹೋಗದೆ ಧಾರಣೆ ಬಿದ್ದುಹೋಯಿತು. ಕೊನೆಯ ವರ್ಷಗಳಲ್ಲಿ ಏರಿತು. ಆದರೆ ಅರಳೆಯೊಡನೆ ಬಟ್ಟೆಯ ಬೆಲೆಯೂ, ಸೀಮೆಎಣ್ಣೆ, ಉಪ್ಪು, ಕಾಳುಗಳ ಬೆಲೆಯೂ ಏರಿದುವು. ಅರಳೆ ಬೆಳೆದವನೇ ಅರಿವೆ ಕೊಳ್ಳಲಾರದೆ ಹೋದನು. ೧೯೧೮ರಲ್ಲಿ ಮದರಾಸು ಆಧಿಪತ್ಯದ ಹಲವೆಡೆ ಹಸಿದ ಜನ ಧಾನ್ಯದ ಅಂಗಡಿಗಳನ್ನು ಲೂಟಿ ಮಾಡಿದರು. ಅದೇ ವರ್ಷ ಹಡಗುಗಳೊಡನೆ, ಊರಿಗೆ ಮರಳಿದ ಸೈನಿಕರೊಡನೆ ವಿಷಮಶೀತಜ್ವರ ಬಂದಿತು. ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾಗಿ ಜನ ಸತ್ತರು. ಜನಗಣತಿ ಮೊದಲಾದಂದಿನಿಂದ ಇಡೀ ದೇಶದ ಜನಸಂಖ್ಯೆ ಇಳಿದುದು ೧೯೧೧ರಿಂದ ೧೯೨೧ರವರೆಗಿನ ಆ ಒಂದೇ ದಶಕದಲ್ಲಿ. ಗುಂಡಿಗೆ ಬಿದ್ದವರ ಹೆಸರುಗಳನ್ನು ದಿಲ್ಲಿಯ ಇಂಡಿಯಾ ಗೇಟಿನ ಕಲ್ಲಿನಲ್ಲಿ ಕೆತ್ತಿದ್ದಾರೆ. ಜ್ವರಕ್ಕೆ ಸತ್ತವರಿಗೆ ಯಾವ ಕಲ್ಲೂ ಇಲ್ಲ.

೧೯೧೮ರ ನವೆಂಬರ್ ೧೧ರಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಫಿರಂಗಿಗಳು ಮೌನವಾದವು. ಯುದ್ಧ ಮುಗಿಯಿತು, ನಿಜ. ಆದರೆ ಶಾಂತಿ ಬಂದಿತೆ? ಸರಾಯೆವೊದ ಕೊಲೆಯಾಗಿ ಸರಿಯಾಗಿ ಐದು ವರ್ಷಕ್ಕೆ, ೧೯೧೯ರ ಜೂನ್ ೨೮ರಂದು, ವರ್ಸೇಲ್ಸ್ ಒಪ್ಪಂದಕ್ಕೆ ರುಜುಗಳಾದವು. ಗೆದ್ದವರು ತಪ್ಪನ್ನೆಲ್ಲ ಸೋತವರ ತಲೆಗೆ ಕಟ್ಟಿ, ತೀರಿಸಲಾಗದಷ್ಟು ದಂಡ ಹೇರಿದರು. ಅವಮಾನಗೊಂಡ ಜರ್ಮನಿಯಲ್ಲಿ ಹಿಟ್ಲರನು ಬೆಳೆದನು. ಇಪ್ಪತ್ತು ವರ್ಷಗಳಲ್ಲಿ ಎರಡನೆಯ ಮಹಾಯುದ್ಧ ಬಂದಿತು. ಸ್ವರಾಜ್ಯದ ಆಸೆಯಿಂದ ನೆರವಾದ ಭಾರತಕ್ಕೆ ದೊರೆತುದು ರೌಲತ್ ಕಾಯಿದೆ, ಜಲಿಯನ್‌ವಾಲಾ ಬಾಗಿನ ಗುಂಡುಗಳು.

ಇಲ್ಲಿ ನಾವು ಅಲ್ಸೇಸಿನ ಮಾತಿಗೆ ಮತ್ತೆ ಬರುತ್ತೇವೆ. ಏಕೆಂದರೆ ಅದೂ ನಮ್ಮಂತೆ ಗಡಿನಾಡು. ಅದು ೧೮೭೧ರಲ್ಲಿ ಜರ್ಮನಿಗೆ, ೧೯೧೮ರಲ್ಲಿ ಫ್ರಾನ್ಸಿಗೆ, ೧೯೪೦ರಲ್ಲಿ ಮತ್ತೆ ಜರ್ಮನಿಗೆ, ಆ ಯುದ್ಧದ ಕೊನೆಗೆ ಮರಳಿ ಫ್ರಾನ್ಸಿಗೆ ಕೈ ಬದಲಾಯಿತು. ಪ್ರತಿಸಲವೂ ಗೆದ್ದವರು ಶಾಲೆಯ ಭಾಷೆಯನ್ನು ಬದಲಿಸಿದರು. ಒಂದೇ ಮನೆಯಲ್ಲಿ ತಾತನ ಪಾಠಪುಸ್ತಕ ಒಂದು ಭಾಷೆಯದು, ಮೊಮ್ಮಗನದು ಇನ್ನೊಂದು ಭಾಷೆಯದು.

ನಮ್ಮ ಗಡಿಯೂ ಬದಲಾಯಿತು. ೧೯೫೩ರ ಅಕ್ಟೋಬರ್ ೧ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಬಳ್ಳಾರಿ ಮೈಸೂರಿಗೆ ಹೋಯಿತು. ಅಂದು ನೊಂದ ಕನ್ನಡಿಗರು ಹಲವರು. ಆ ನೋವು ಸುಳ್ಳಲ್ಲ. ಆದರೆ ಈ ತಾಲ್ಲೂಕುಗಳ ಹಣೆಬರಹವನ್ನು ಗೆದ್ದ ಸೇನೆ ಬರೆಯಲಿಲ್ಲ. ವರದಿ, ವಾದ, ಪಾರ್ಲಿಮೆಂಟಿನ ಕಾಯಿದೆಗಳು ಬರೆದವು. ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ತಾಯ್ನುಡಿಯಲ್ಲಿ ಕೊಡುವ ಅನುಕೂಲಗಳನ್ನು ಒದಗಿಸಬೇಕೆಂಬ ೩೫೦ಎ ವಿಧಿಯು ೧೯೫೬ರಲ್ಲಿ ನಮ್ಮ ಸಂವಿಧಾನವನ್ನು ಸೇರಿತು. ತೆಲುಗು ನಾಡಿನಲ್ಲಿ ಕನ್ನಡ ಶಾಲೆ ನಡೆಯುತ್ತಿರುವುದು, ನೆರೆಯ ಮನೆಯ ತೆಲುಗು ಮಗುವಿನೊಡನೆ ನೀವು ಆಡಿ ಬಂದು ಇಲ್ಲಿ ಕನ್ನಡದಲ್ಲಿ ಚರಿತ್ರೆ ಓದುತ್ತಿರುವುದು ಸಾಮಾನ್ಯ ಸಂಗತಿಯೆಂದು ಎಣಿಸಬೇಡಿರಿ. ಇಷ್ಟನ್ನು ಸಾಧಿಸಲಾರದೆ ಯೂರೋಪು ಎರಡು ಸಲ ಉರಿಯಿತು.

ಆದುದರಿಂದ ವಿದ್ಯಾರ್ಥಿಗಳೆ, ತೇದಿಗಳನ್ನು ಕಲಿಯಿರಿ, ಅವುಗಳ ಹಿಂದಿನ ಕಾರಣಗಳನ್ನೂ ಕಲಿಯಿರಿ. ಪೋಷಕರಲ್ಲಿ ನಮ್ಮ ಬಿನ್ನಹ ಒಂದೇ: ಈ ಶಾಲೆಯ ಬೆಂಚುಗಳು ಖಾಲಿಯಾಗದಂತೆ ನೋಡಿಕೊಳ್ಳಿರಿ. ಕಾಯಿದೆ ಬಾಗಿಲನ್ನು ತೆರೆದಿಡಬಲ್ಲುದು. ಮಕ್ಕಳನ್ನು ಒಳಗೆ ಕಳುಹಿಸಬೇಕಾದವರು ನೀವು.