ಕಣ್ಣಿಲ್ಲದವರಿಗೆ ಕೈಯಾಗಿರಿ



ಜಾತ್ರೆಯಲ್ಲಿ ಕಣ್ಣಿಲ್ಲದವನ ತಟ್ಟೆಗೆ ಕಾಸು ಹಾಕಿ ಮುಂದೆ ಸಾಗುವವರು ಬಹಳ ಜನ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ಕಾಸಿನಿಂದ ಒಂದು ಹೊತ್ತು ಕಳೆದೀತು, ಬಾಳು ಕಳೆಯದು. ಕೊಟ್ಟವನಿಗೆ ಪುಣ್ಯ ಗಳಿಸಿದ ಸಮಾಧಾನ. ಪಡೆದವನಿಗೆ ನಾಳೆ ಮತ್ತೆ ಅದೇ ತಟ್ಟೆ. ಇದು ದಾನವಾಯಿತೇ ಹೊರತು ದಾಸೋಹವಾಗಲಿಲ್ಲ.

ಹಾನಗಲ್ಲ ಕುಮಾರ ಸ್ವಾಮಿಗಳನ್ನು ನೆನೆಯಿರಿ. ಕಣ್ಣಿಲ್ಲದ ಬಾಲಕನೊಬ್ಬನಿಗೆ ಅನ್ನವಿಕ್ಕಿ ಅವರು ಸುಮ್ಮನಾಗಲಿಲ್ಲ. ಸಂಗೀತ ವಿದ್ಯೆ ದೊರಕುವಂತೆ ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಅವರು 1944ರಲ್ಲಿ ಲಿಂಗೈಕ್ಯರಾದ ಮೇಲೆ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಎಷ್ಟೋ ಅನಾಥ, ಅಂಧ ಮಕ್ಕಳಿಗೆ ಅವರೇ ಆಸರೆಯಾದರು. ಕೈ ಹಿಡಿಸಿಕೊಂಡವರು ಕೈ ಹಿಡಿಯುವವರಾದರು. ನೆರವಿನ ಗುರಿ ಇದೇ ಆಗಿರಬೇಕು.

ಇಂದು ನೆರವು ಕೇವಲ ದಯೆಯಲ್ಲ, ಹಕ್ಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಕುರುಡುತನವನ್ನೂ ಮಂದದೃಷ್ಟಿಯನ್ನೂ ಗಣನೆಗೆ ತೆಗೆದುಕೊಂಡಿದೆ. ಕೊರತೆ ಶೇಕಡಾ 40ಕ್ಕೆ ಕಡಿಮೆಯಿಲ್ಲವೆಂದು ವೈದ್ಯರು ಪ್ರಮಾಣೀಕರಿಸಿದರೆ ಸರಕಾರದ ಗುರುತಿನ ಚೀಟಿ ಸಿಗುತ್ತದೆ. ಮಾಸಾಶನ, ಬಸ್ ಪಾಸು, ಮಕ್ಕಳ ವಿದ್ಯಾರ್ಥಿವೇತನ ಇವುಗಳಿಗೆಲ್ಲ ಅದೇ ಬಾಗಿಲು. ಒಂದೊಂದಕ್ಕೂ ಅದರದರ ನಿಯಮಗಳುಂಟು. ಆದರೆ ಆ ಬಾಗಿಲು ಎಲ್ಲಿದೆಯೆಂದು ತಿಳಿಸುವ ಕಾಗದ ಅಚ್ಚಿನಲ್ಲಿದೆ! ಅದನ್ನು ಓದಬೇಕಾದವನಿಗೆ ಕಣ್ಣಿಲ್ಲ. ಇಲ್ಲಿ ನಿಮ್ಮ ಕೆಲಸ ಮೊದಲಾಗುತ್ತದೆ.

ಮೊದಲು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿರಿ. 'ವಯಸ್ಸಾಯಿತು, ಕಣ್ಣು ಹೋಯಿತು' ಎಂದು ಮೂಲೆಗೆ ಕೂಡಿಸಿದ ಅಜ್ಜಿಗೆ ಇರುವುದು ಬರಿಯ ಪೊರೆಯಾಗಿದ್ದರೆ, ಶಸ್ತ್ರಚಿಕಿತ್ಸೆಯಿಂದ ದೃಷ್ಟಿ ಮರಳಬಹುದು. ಮರಳದವರಿಗೆ ಚೀಟಿ ಮಾಡಿಸಿರಿ. ನಿಮ್ಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದರೆ ಅವರನ್ನು ಕೇಳಿರಿ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಿಸಿರಿ. ಒಂದು ಸಲ ತಿರುಗಿ ಬಂದರೆ ಬೇಸರಪಡಬೇಡಿರಿ, ಮತ್ತೆ ಹೋಗಿರಿ. ಕಣ್ಣಿದ್ದವನಿಗೆ ನಾಲ್ಕು ಸಲ ತಿರುಗುವುದು ಬೇಸರ. ಕಣ್ಣಿಲ್ಲದವನಿಗೆ ಅದು ದೊಡ್ಡ ಯಾತ್ರೆ.

ಮಾಡುವಾಗ ಮೂರು ಎಚ್ಚರಗಳಿರಲಿ. ಕಾಗದವನ್ನು ಪೂರ್ತಿ ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಬೇಡಿರಿ. ಬಂದ ಹಣ ಅವರ ಹೆಸರಿನ ಖಾತೆಗೇ ಸೇರಲಿ; ಅದು ಮಗನ ದುಡಿಮೆಯಲ್ಲ, ಮೊಮ್ಮಗನ ಖರ್ಚಿಗೆ ಬಂದದ್ದೂ ಅಲ್ಲ. ಅವರಿಗೆ ಏನು ಬೇಕೆಂಬುದನ್ನು ಪಕ್ಕದಲ್ಲಿ ನಿಂತವರನ್ನು ಕೇಳದೆ ಅವರನ್ನೇ ಕೇಳಿರಿ. ಹೋಗಿರುವುದು ಕಣ್ಣು, ಬುದ್ಧಿಯಲ್ಲ. ದಾರಿಯಲ್ಲಿ ಕೂಡ ಅವರ ಕೋಲು ಹಿಡಿದು ಎಳೆಯಬೇಡಿರಿ. ನಿಮ್ಮ ತೋಳು ನೀಡಿರಿ, ಅವರು ಹಿಡಿದುಕೊಳ್ಳಲಿ.

ಅವರ ದೇಹವೂ ಶಿವನ ಆಲಯವೇ. ಆ ಆಲಯದ ದೀಪ ಹೊರಗೆ ಕಾಣದಿದ್ದರೂ ಒಳಗೆ ಉರಿಯುತ್ತಿದೆ. ಅದಕ್ಕೆ ಗಾಳಿ ಬಡಿಯದಂತೆ ಕೈ ಅಡ್ಡ ಹಿಡಿಯುವುದೇ ನಿಮ್ಮ ಪೂಜೆ. ಇಂದು ಮನೆಗೆ ಹೋದ ಮೇಲೆ ನಿಮ್ಮ ಓಣಿಯಲ್ಲಿ ಅಂಥವರು ಯಾರಿದ್ದಾರೆಂದು ನೋಡಿರಿ. ನಾಳೆಯೇ ಅವರ ಬಾಗಿಲಿಗೆ ಹೋಗಿರಿ.